ತಟ್ಟೆ ಕಳಿಸುವ ಮನೆ: ಕ್ರಿಸ್ಮಸ್ ಹೊತ್ತಿನ ಮಕ್ಕಳ ಕೊಡುಗೈ

(ಡಿಸೆಂಬರ್ ಮೊದಲ ವಾರ ಮಂಗಳೂರಿನ ಶಾಲೆಯೊಂದರ ಪೋಷಕರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಈ ಸಲದ ಕ್ರಿಸ್ಮಸ್‌ಗೆ ಕಷ್ಟದಲ್ಲಿರುವ ಕೆಲವು ಕುಟುಂಬಗಳಿಗೆ ಮಕ್ಕಳಿಂದಲೇ ಸಾಮಾನು ಕೂಡಿಸಿ ಕೊಡಬೇಕೆಂದು ನಿಮ್ಮ ಶಾಲೆಯವರು ತೀರ್ಮಾನಿಸಿದ್ದಾರೆ. ಕೆಲಸ ಶುರುವಾಗುವ ಮೊದಲು ಪೋಷಕರ ಜೊತೆ ಸ್ವಲ್ಪ ಮಾತಾಡಿ ಎಂದು ನನ್ನನ್ನು ಕರೆದರು. ಮಕ್ಕಳಿಗೆ ಕೊಡುವ ಗುಣ ಕಲಿಸುವುದು ಹೇಗೆ ಎಂಬುದು ನನಗೆ ಒಪ್ಪಿಸಿದ ವಿಷಯ. ಆದರೆ ನನಗೆ ಹೇಳಬೇಕು ಅನಿಸುವುದು ಪಡೆಯುವ ಮನೆಯ ಬಗ್ಗೆ. ನಮ್ಮ ಮಕ್ಕಳು ತುಂಬಿಸಿದ ಚೀಲ ಒಂದು ಮನೆಯ ಬಾಗಿಲಿಗೆ ತಲುಪಿದ ಮೇಲೆ ಆ ಮನೆಯಲ್ಲಿ ಏನಾಗುತ್ತದೆ? ಅದನ್ನು ಯೋಚಿಸಿದರೆ ಮಕ್ಕಳಿಗೆ ಏನು ಹೇಳಬೇಕು, ಏನು ಹೇಳಬಾರದು ಎಂಬುದು ತಾನಾಗಿ ತಿಳಿಯುತ್ತದೆ.

ಮಂಗಳೂರಿನವರಿಗೆ ಕುಸ್ವಾರ್ ಅಂದರೇನು ಎಂದು ವಿವರಿಸಬೇಕಾಗಿಲ್ಲ. ಘಟ್ಟದ ಮೇಲಿಂದ ಬಂದು ಇಲ್ಲಿ ನೆಲೆಸಿದವರೂ ಈ ಸಭೆಯಲ್ಲಿ ಇದ್ದೀರಿ, ನಿಮಗಾಗಿ ಹೇಳುತ್ತೇನೆ. ಕ್ರಿಸ್ಮಸ್‌ಗೆ ವಾರ, ಹತ್ತು ದಿನ ಇರುವಾಗಲೇ ನಮ್ಮ ಕ್ರೈಸ್ತರ ಮನೆಗಳಲ್ಲಿ ಎಣ್ಣೆ ಬಾಣಲೆ ಒಲೆ ಏರುತ್ತದೆ. ಕಿಡಿಯೊ, ನೆವ್ರಿ, ಗುಳಿಯೊ, ತುಕ್ಡಿ, ರೋಸ್ ಕುಕ್ಕಿ, ಚಕ್ಕುಲಿ, ಎಳ್ಳಿನ ಲಾಡು, ಈ ಹಬ್ಬದ ತಿಂಡಿಗಳೆಲ್ಲ ಸೇರಿ ಕುಸ್ವಾರ್. ಇದರಲ್ಲಿ ಕಿಡಿಯೊ ಮಕ್ಕಳ ಪಾಲಿನ ಕೆಲಸ. ಮೈದಾಕ್ಕೆ ತೆಂಗಿನ ಹಾಲು, ಮೊಟ್ಟೆ ಸೇರಿಸಿ ಕಲಸಿದ ಹಿಟ್ಟನ್ನು ಗೋಲಿಯಷ್ಟು ಚಿವುಟಿ, ಫೋರ್ಕಿನ ಬೆನ್ನ ಮೇಲೋ ಹೊಸ ಬಾಚಣಿಗೆಯ ಮೇಲೋ ಒತ್ತಿ ಉರುಳಿಸಬೇಕು. ಗೆರೆ ಮೂಡಿ, ಅದು ಸುರುಳಿ ಸುತ್ತಿಕೊಳ್ಳುತ್ತದೆ. ಚಿಕ್ಕ ಬೆರಳಿಗೆ ಹೇಳಿ ಮಾಡಿಸಿದ ಕೆಲಸ. ಕೆಲವು ದಪ್ಪ, ಕೆಲವು ಸಣಕಲು, ಕೆಲವು ಸುರುಳಿಯೇ ಆಗದೆ ಬಿಚ್ಚಿಕೊಂಡವು, ಎಲ್ಲವೂ ಎಣ್ಣೆಗೆ ಬೀಳುತ್ತವೆ, ಎಲ್ಲದಕ್ಕೂ ಸಕ್ಕರೆ ಪಾಕ ಅಂಟುತ್ತದೆ.

ಆಮೇಲೆ ತಟ್ಟೆಗಳ ಸರದಿ. ಪ್ರತಿಯೊಂದು ಬಗೆಯನ್ನೂ ಒಂದಿಷ್ಟು ಜೋಡಿಸಿ, ಮೇಲೆ ಬಟ್ಟೆ ಮುಚ್ಚಿ, ನೆರೆಮನೆಗಳಿಗೆ ಕಳಿಸುತ್ತಾರೆ. ಹೊತ್ತುಕೊಂಡು ಹೋಗುವವರು ಹೆಚ್ಚಾಗಿ ಮಕ್ಕಳೇ. ದೀಪಾವಳಿಗೆ ಯಾರ ಮನೆಯಿಂದ ಸಿಹಿ ಬಂದಿತ್ತು, ಪೆರ್ನಾಲ್‌ಗೆ, ಅಂದರೆ ಈದ್ ಹಬ್ಬಕ್ಕೆ, ಯಾರು ಬಿರಿಯಾನಿ ಕಳಿಸಿದ್ದರು ಎಂಬುದೆಲ್ಲ ಅಮ್ಮಂದಿರ ತಲೆಯಲ್ಲಿ ಇರುತ್ತದೆ. ತಟ್ಟೆ ಬರಿದಾಗಿ ವಾಪಸ್ ಬರುವುದಿಲ್ಲ. ಒಂದು ಹಿಡಿ ಸಕ್ಕರೆಯಾದರೂ, ಎರಡು ಬಾಳೆಹಣ್ಣಾದರೂ ಇಟ್ಟು ಕೊಡುತ್ತಾರೆ. ಕರಾವಳಿಯಲ್ಲಿ ನೆರೆಹೊರೆ ಉಳಿದುಬಂದದ್ದರಲ್ಲಿ ಈ ತಟ್ಟೆಗಳ ಪಾಲು ದೊಡ್ಡದು ಎಂದೇ ನಾನು ತಿಳಿದಿದ್ದೇನೆ.

ನಮ್ಮ ಇಗರ್ಜಿಯ (ಚರ್ಚಿನ) ವಾಳೆಯಲ್ಲಿ, ಅಂದರೆ ನಮ್ಮ ಸುತ್ತಲಿನ ಮನೆಗಳ ಗುಂಪಿನಲ್ಲಿ, ಒಂದು ಮನೆ. ತಾಯಿ ಬೀಡಿ ಕಟ್ಟುತ್ತಾರೆ. ಗಂಡ ದೋಣಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದವರು ಬೆನ್ನು ನೋವಾಗಿ ಮನೆ ಹಿಡಿದಿದ್ದರು. ಒಂದು ವರ್ಷ ಮಕ್ಕಳ ಗುಂಪಿನಿಂದ ಆ ಮನೆಗೆ ಒಂದು ಪೆಟ್ಟಿಗೆ ಹೋಯಿತು. ಅಕ್ಕಿ, ಬಿಸ್ಕೆಟ್, ಬೇಕರಿಯ ಒಂದು ಪ್ಲಮ್ ಕೇಕ್, ಮಕ್ಕಳಿಗೆ ಬಣ್ಣದ ಪೆನ್ಸಿಲ್. ಹಬ್ಬ ಕಳೆದ ಮೇಲೆ ನಾನು ಆ ಕಡೆ ಹೋದಾಗ ಪಕ್ಕದ ಮನೆಯವರು ಹೇಳಿದರು: ಆಕೆ ಆ ಕೇಕನ್ನು ತೆಳ್ಳಗೆ ಹೋಳು ಮಾಡಿ, ಬಿಸ್ಕೆಟ್ ಜೊತೆಗೆ ಸ್ಟೀಲ್ ತಟ್ಟೆಯಲ್ಲಿಟ್ಟು ಸುತ್ತಲ ನಾಲ್ಕು ಮನೆಗೂ ಕಳಿಸಿದ್ದರಂತೆ. ಮಕ್ಕಳಿಗೆ ಉಳಿದದ್ದು ಕೊನೆಯ ತುದಿಯ ಹೋಳು. ನಾನು ಆ ತಾಯಿಯನ್ನು ಕೇಳಿದೆ, "ಮಕ್ಕಳಿಗೆ ಅಂತ ಕೊಟ್ಟಿದ್ದಲ್ವಾ, ಯಾಕೆ ಹಂಚಿದಿರಿ?" ಅವರು ಬೀಡಿ ಎಲೆ ಕತ್ತರಿಸುತ್ತಲೇ ಹೇಳಿದರು, "ದೀಪಾವಳಿಗೆ ಅವರೆಲ್ಲ ಕೊಟ್ಟಿದ್ದಾರೆ ಟೀಚರ್. ನಾನು ಏನೂ ಕಳಿಸದೆ ಕೂತರೆ ನಾಳೆ ಮುಖ ಹೇಗೆ ನೋಡೋದು?"

ಬಡತನದಲ್ಲಿ ಹಬ್ಬದ ದಿನ ಚುಚ್ಚುವುದು ತಿನ್ನಲು ಇಲ್ಲವೆಂಬುದೊಂದೇ ಎಂದು ನಾವು ಅಂದುಕೊಂಡಿದ್ದೇವೆ. ಆ ಮನೆಗೆ ಅಕ್ಕಿಯ ಅಗತ್ಯ ಇದ್ದೇ ಇತ್ತು. ಆದರೆ ಆ ತಾಯಿಗೆ ಅದಕ್ಕಿಂತ ದೊಡ್ಡ ಚಿಂತೆ ಕಳಿಸಲು ತಟ್ಟೆ ಇಲ್ಲವಲ್ಲ ಎಂಬುದು. ನಾವು ಕೊಟ್ಟ ಪೆಟ್ಟಿಗೆ ಆ ಚಿಂತೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆಕೆ ಮಕ್ಕಳ ಬಾಯಿಯದನ್ನು ತೆಗೆದು ತಟ್ಟೆ ಕಟ್ಟಬೇಕಾಯಿತು. ಮರುವರ್ಷ ಮಕ್ಕಳು ಮೈದಾ, ಸಕ್ಕರೆ, ಬೆಲ್ಲ, ಎಳ್ಳು, ತೆಂಗಿನಕಾಯಿ, ಎಣ್ಣೆ ಕೂಡಿಸಿ ಹಬ್ಬಕ್ಕೆ ಎರಡು ವಾರ ಮೊದಲೇ ತಲುಪಿಸಿದರು. ಆ ಮನೆಯಲ್ಲೇ ಕುಸ್ವಾರ್ ಆಯಿತು. ಅಲ್ಲಿಂದ ನಮ್ಮ ಮನೆಗೂ ತಟ್ಟೆ ಬಂತು. ಕಿಡಿಯೊ ಮಾಡಿದ್ದು ಆ ಮನೆಯ ಇಬ್ಬರು ಹುಡುಗರು.

ಇದನ್ನೇ ನಾನು ಈವತ್ತು ನಿಮ್ಮ ಮುಂದೆ ಇಡಬೇಕೆಂದು ಬಂದದ್ದು. ಕಷ್ಟದಲ್ಲಿರುವ ಮನೆಯ ಮಗುವಿಗೂ ಕೊಡುವ ಆಸೆ ಇರುತ್ತದೆ. ನಿಮ್ಮ ಮಗು ಕೊಡುವಾಗ ಆ ಮಗುವಿನ ಕೈಗೂ ಕೊಡಲು ಏನಾದರೂ ಸಿಗಬೇಕು.

ಮಕ್ಕಳಿಗೆ ಈ ಆಸೆ ಎಷ್ಟು ಬೇಗ ಬರುತ್ತದೆ ಎಂಬುದನ್ನು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ ನೋಡಿದ್ದಾರೆ. 2012ರಲ್ಲಿ ಪ್ರಕಟವಾದ ಅಧ್ಯಯನ. ಇನ್ನೂ ಎರಡು ವರ್ಷ ತುಂಬದ ಮಕ್ಕಳ ಮುಂದೆ ಒಂದು ಬಟ್ಟಲು ತಿಂಡಿ ಇಟ್ಟರು. ಎದುರಿಗೆ ಒಂದು ಗೊಂಬೆ, ಅದಕ್ಕೂ ತಿಂಡಿ ಇಷ್ಟ ಎಂದು ತೋರಿಸಿದರು. ಮಗು ತಾನು ತಿಂಡಿ ಪಡೆದಾಗ ಅದರ ಮುಖ ಹೇಗಿದೆ, ಗೊಂಬೆಗೆ ಕೊಡುವಾಗ ಹೇಗಿದೆ ಎಂದು ಗಮನಿಸಿದರು. ಪಡೆದಾಗಿನದಕ್ಕಿಂತ ಕೊಡುವಾಗ ಮಕ್ಕಳ ಮುಖ ಹೆಚ್ಚು ಅರಳಿತ್ತು. ಬೇರೆಯವರು ಒದಗಿಸಿದ ತಿಂಡಿಯನ್ನು ಕೊಡುವಾಗಿನದಕ್ಕಿಂತ ತನ್ನದೇ ಬಟ್ಟಲಿನಿಂದ ಎತ್ತಿಕೊಡುವಾಗ ಇನ್ನೂ ಹೆಚ್ಚು.

ಈ ಕೊನೆಯ ಮಾತನ್ನು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ತನ್ನ ಬಟ್ಟಲಿನಿಂದ. ನಾವು ಮಾಡುವುದು ಏನು? ಶಾಲೆಯಿಂದ ಸುತ್ತೋಲೆ ಬಂದ ರಾತ್ರಿ ಅಪ್ಪನನ್ನು ಅಂಗಡಿಗೆ ಓಡಿಸುತ್ತೇವೆ. ಎರಡು ಕಿಲೋ ಸಕ್ಕರೆ ತಂದು ಮಗುವಿನ ಬ್ಯಾಗಿಗೆ ತುರುಕುತ್ತೇವೆ. ಮಗು ಅದನ್ನು ಹೊತ್ತು ತಂದು ಟೀಚರ್ ಮೇಜಿನ ಮೇಲೆ ಇಡುತ್ತದೆ. ಆ ಮಗು ಕೊಟ್ಟದ್ದು ಏನು? ಸಾಮಾನು ಸಾಗಿಸಿದ್ದು ಅಷ್ಟೆ. ಕುಟುಂಬಕ್ಕೆ ಸಕ್ಕರೆ ಸಿಗುತ್ತದೆ, ಸಂತೋಷ. ಆದರೆ ಮಗುವಿಗೆ ಸಿಗಬೇಕಾದ ಭಾಗ್ಯ ತಪ್ಪಿಹೋಯಿತು. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಚಿಕ್ಕ ನಾಣ್ಯ ಹಾಕಿದ ಬಡ ವಿಧವೆಯನ್ನು ಯೇಸು ಶಿಷ್ಯರಿಗೆ ತೋರಿಸಿದ ಪ್ರಸಂಗ ಮಾರ್ಕನ ಸುವಾರ್ತೆಯಲ್ಲಿ ಇದೆ. ಅಲ್ಲಿ ಶ್ರೀಮಂತರು ಹಾಕಿದ ದೊಡ್ಡ ಮೊತ್ತವೂ ಇತ್ತು. ಆದರೆ ಆತನ ಕಣ್ಣು ನಿಂತದ್ದು ತನ್ನ ಜೀವನಕ್ಕೆ ಇದ್ದದ್ದನ್ನೇ ಹಾಕಿದವಳ ಮೇಲೆ. ಮಗು ತನ್ನ ಹುಂಡಿಯಿಂದ ಹತ್ತು ರೂಪಾಯಿ ತೆಗೆದರೆ ಅದು ಹತ್ತು ರೂಪಾಯಿಯೇ ಇರಲಿ. ನೀವು ಅದಕ್ಕೆ ತೊಂಬತ್ತು ಸೇರಿಸಿ ನೂರು ಮಾಡಬೇಡಿ.

ಇನ್ನೊಂದು ವಿಷಯ, ಬಹುಮಾನ. ಯಾವ ತರಗತಿ ಹೆಚ್ಚು ಅಕ್ಕಿ ತರುತ್ತದೋ ಅದಕ್ಕೆ ಶೀಲ್ಡ್, ಹೆಚ್ಚು ತಂದ ಮಗುವಿಗೆ ಸ್ಟಾರ್. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ನನಗೆ ಗೊತ್ತು. ಆದರೆ ಇದು ಬೇಡ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಜರ್ಮನಿಯ ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಇಬ್ಬರು ವಿಜ್ಞಾನಿಗಳು, ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ, 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಪ್ಪತ್ತು ತಿಂಗಳ ಮಕ್ಕಳು. ದೊಡ್ಡವರ ಕೈಯಿಂದ ಏನಾದರೂ ಬಿದ್ದರೆ ಈ ಮಕ್ಕಳು ತಾವಾಗಿ ಎತ್ತಿಕೊಡುತ್ತಾರೆ. ಕೆಲವು ಮಕ್ಕಳಿಗೆ ಎತ್ತಿಕೊಟ್ಟಾಗಲೆಲ್ಲ ಆಟದ ವಸ್ತುವೊಂದನ್ನು ಬಹುಮಾನವಾಗಿ ಕೊಟ್ಟರು, ಕೆಲವರಿಗೆ ಬರೀ ಮೆಚ್ಚುಗೆಯ ಮಾತು, ಇನ್ನು ಕೆಲವರಿಗೆ ಏನೂ ಇಲ್ಲ. ಆಮೇಲೆ ನೋಡಿದರೆ ಬಹುಮಾನ ಪಡೆದ ಮಕ್ಕಳೇ ಉಳಿದವರಿಗಿಂತ ಕಡಿಮೆ ಸಹಾಯ ಮಾಡತೊಡಗಿದ್ದರು. ಮಾತಿನ ಮೆಚ್ಚುಗೆಯಿಂದ ಅಂಥ ಹಾನಿ ಕಾಣಲಿಲ್ಲ. ಹಾಗಾಗಿ ಟೀಚರ್‌ಗಳು "ಒಳ್ಳೆಯದಾಯಿತು ಮಗಾ" ಎಂದು ಬೆನ್ನು ತಟ್ಟಲಿ, ಧಾರಾಳವಾಗಿ ತಟ್ಟಲಿ. ಶೀಲ್ಡನ್ನು ಕ್ರೀಡಾಕೂಟಕ್ಕೆ ಇಟ್ಟುಕೊಳ್ಳೋಣ.

ಮಕ್ಕಳು ಎಷ್ಟು ದೊಡ್ಡ ಕೆಲಸ ಮಾಡಬಲ್ಲರು ಎಂಬುದಕ್ಕೆ ದೂರದ ಒಂದು ಊರಿನ ಕಥೆ ಹೇಳುತ್ತೇನೆ, ಯಾಕೆಂದರೆ ಅದು ನಮ್ಮ ದೇಶದವರೆಗೂ ಬಂದು ಮುಟ್ಟಿದೆ.

ಜರ್ಮನಿಯಲ್ಲಿ ಕ್ರಿಸ್ಮಸ್‌ನಿಂದ ಜನವರಿ 6ರ ಮೂರು ರಾಯರ (ಶಿಶು ಯೇಸುವನ್ನು ಕಾಣಲು ಬಂದ ಮೂವರು ಜ್ಞಾನಿಗಳ) ಹಬ್ಬದವರೆಗಿನ ದಿನಗಳಲ್ಲಿ ಮಕ್ಕಳು ಕಿರೀಟ, ನಿಲುವಂಗಿ ತೊಟ್ಟು, ಕೋಲಿಗೆ ಕಟ್ಟಿದ ನಕ್ಷತ್ರ ಹಿಡಿದು ಮನೆಮನೆಗೆ ಹೋಗುತ್ತಾರೆ. ಬಾಗಿಲಲ್ಲಿ ನಿಂತು ಹಾಡುತ್ತಾರೆ. ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದಿಂದ ಆ ವರ್ಷವನ್ನೂ ಸಿ, ಎಂ, ಬಿ ಎಂಬ ಮೂರು ಅಕ್ಷರಗಳನ್ನೂ ಬರೆಯುತ್ತಾರೆ. ಕ್ರಿಸ್ತನು ಈ ಮನೆಯನ್ನು ಹರಸಲಿ ಎಂಬ ಲ್ಯಾಟಿನ್ ಪ್ರಾರ್ಥನೆಯ ಮೊದಲಕ್ಷರಗಳು ಅವು. ಮನೆಯವರು ಡಬ್ಬಿಗೆ ಹಣ ಹಾಕುತ್ತಾರೆ. ಮೈನಸ್ ಚಳಿಯಲ್ಲಿ, ಹಿಮದಲ್ಲಿ, ಶಾಲೆಗೆ ರಜೆ ಇರುವ ದಿನಗಳಲ್ಲಿ ಮಕ್ಕಳು ಇದನ್ನು ಮಾಡುತ್ತಾರೆ.

ಈ ಪದ್ಧತಿಯ ಹಿಂದಿನ ರೂಪ ನೋಡಿ. ಶತಮಾನಗಳ ಹಿಂದೆ ಹೀಗೆ ನಕ್ಷತ್ರ ಹಿಡಿದು ಹಾಡುತ್ತಿದ್ದವರು ಬಡ ವಿದ್ಯಾರ್ಥಿಗಳು, ಕೆಲಸ ಕಲಿಯುತ್ತಿದ್ದ ಹುಡುಗರು. ಚಳಿಗಾಲದಲ್ಲಿ ಕೈ ಬರಿದಾದಾಗ ಹಾಡಿ, ಕೊಟ್ಟದ್ದನ್ನು ಪಡೆದು ಹೊಟ್ಟೆ ಹೊರೆಯುತ್ತಿದ್ದರು. ಬರೀ ಕೈ ಚಾಚಿ ನಿಲ್ಲದೆ ಒಂದು ಹಾಡು, ಒಂದು ಹರಕೆ ಕೊಟ್ಟು ಪಡೆಯುತ್ತಿದ್ದರು. ನಮ್ಮ ಆ ತಾಯಿಯ ಮಾತು ನನಗೆ ಇಲ್ಲಿ ನೆನಪಾಗುತ್ತದೆ. 1959ರಲ್ಲಿ ಆಖೆನ್ ನಗರದ ಮಕ್ಕಳ ಮಿಷನ್ ಸಂಸ್ಥೆ ಈ ಹಳೆಯ ಸಂಪ್ರದಾಯವನ್ನು ದೇಶವ್ಯಾಪಿಯಾಗಿ ಕೈಗೆತ್ತಿಕೊಂಡಿತು. ಅಲ್ಲಿಂದ ಮುಂದೆ ಮಕ್ಕಳು ಹಾಡುವುದು ತಮಗಾಗಿ ಅಲ್ಲ, ಬೇರೆ ದೇಶಗಳ ಕಷ್ಟದ ಮಕ್ಕಳಿಗಾಗಿ. ಸಾಮಾನ್ಯ ವರ್ಷದಲ್ಲಿ ಸುಮಾರು 3 ಲಕ್ಷ ಮಕ್ಕಳು ಹೊರಡುತ್ತಾರೆ, 4 ಕೋಟಿ ಯೂರೋಗಿಂತ ಹೆಚ್ಚು ಕೂಡುತ್ತದೆ. ಶುರುವಾದಾಗಿನಿಂದ ಒಟ್ಟು ಮೊತ್ತ 100 ಕೋಟಿ ಯೂರೋ ದಾಟಿ ಹೋಗಿದೆ. ಪಕ್ಕದ ಆಸ್ಟ್ರಿಯದ ಮಕ್ಕಳು ಅದಕ್ಕೂ ಮೊದಲೇ, 1954ರಲ್ಲೇ ಶುರು ಮಾಡಿದ್ದರು. ಅವರು ಮೊದಲ ಸಲ ಕೂಡಿಸಿದ ದುಡ್ಡು ಉಗಾಂಡದ ಮಿಷನರಿಯೊಬ್ಬರಿಗೆ ಮೋಟಾರ್‌ಸೈಕಲ್ ಕೊಡಿಸಲು.

ಆಖೆನ್‌ನ ಆ ಸಂಸ್ಥೆಯನ್ನು ಹುಟ್ಟುಹಾಕಿದ್ದು ಸಹ ಒಬ್ಬ ಹದಿಹರೆಯದ ಹುಡುಗಿ, ಔಗುಸ್ಟೆ ಫಾನ್ ಸಾರ್ಟೋರಿಯುಸ್, 1846ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು ಫ್ರಾನ್ಸಿನ ಬಿಷಪ್ ಫೋರ್ಬೆ ಜಾನ್ಸನ್ ಮಕ್ಕಳ ಮುಂದೆ ಒಂದು ಸರಳ ಕೋರಿಕೆ ಇಟ್ಟು ಒಂದು ಸಂಘ ಕಟ್ಟಿದ್ದರು: ದಿನಕ್ಕೆ ಒಂದು ಪ್ರಾರ್ಥನೆ, ತಿಂಗಳಿಗೆ ಒಂದು ಬಿಡಿಕಾಸು. ಮಗುವಿನ ಬಟ್ಟಲಿನ ಅಳತೆ ತಿಳಿದವರ ಕೋರಿಕೆ ಅದು. ಆ ಸಂಘವೇ ಬೆಳೆದು ಈಗ ಭಾರತದ ಇಗರ್ಜಿಗಳಲ್ಲೂ ಇದೆ, ನಮ್ಮ ಮಕ್ಕಳೂ ಅದಕ್ಕೆ ಕಾಣಿಕೆ ಹಾಕುತ್ತಾರೆ. 2018ರಲ್ಲಿ ಜರ್ಮನಿಯ ಮಕ್ಕಳ ಅಭಿಯಾನಕ್ಕೆ ಆರಿಸಿಕೊಂಡ ದೇಶ ಭಾರತ, ವಿಷಯ ಬಾಲಕಾರ್ಮಿಕತೆ. ಅಲ್ಲಿನ ಹಳ್ಳಿಯ ಮಗುವೊಂದು ಹಿಮದಲ್ಲಿ ನಿಂತು ನಮ್ಮ ದೇಶದ ಮಗು ಶಾಲೆಗೆ ಹೋಗಲಿ ಎಂದು ಹಾಡಿತು. ನಾವು ಯಾವಾಗಲೂ ಕೊಡುವ ಕಡೆಯವರು ಎಂಬ ಭಾವನೆ ನಮ್ಮ ಮಕ್ಕಳಲ್ಲಿ ಬೆಳೆಯದಿರಲಿ ಎಂದೇ ಇದನ್ನು ಹೇಳುತ್ತಿದ್ದೇನೆ. ನಮಗಾಗಿಯೂ ಯಾರೋ ಹಾಡಿದ್ದಾರೆ.

ಇನ್ನೊಂದು ಉದಾಹರಣೆ ಚಿಕ್ಕದಾಗಿ ಹೇಳುತ್ತೇನೆ. 1914, ಯುರೋಪಿನಲ್ಲಿ ಮೊದಲ ಮಹಾಯುದ್ಧ. ಷಿಕಾಗೋದ ಪತ್ರಿಕೆಯೊಂದು ಮುಂದೆ ನಿಂತು ಕರೆ ಕೊಟ್ಟಿತು. ಅಮೆರಿಕದ ಮಕ್ಕಳು ಯುದ್ಧದಲ್ಲಿ ಅಪ್ಪಂದಿರನ್ನು ಕಳಕೊಂಡ ಮಕ್ಕಳಿಗೆ ಕ್ರಿಸ್ಮಸ್ ಉಡುಗೊರೆ ಕೂಡಿಸಿದರು. 'ಜೇಸನ್' ಎಂಬ ನೌಕಾಪಡೆಯ ಹಡಗು ನವೆಂಬರ್‌ನಲ್ಲಿ ಅದನ್ನೆಲ್ಲ ಹೊತ್ತು ಹೊರಟಿತು. ಆ ಉಡುಗೊರೆ ಇಂಗ್ಲೆಂಡಿನ ಮಕ್ಕಳಿಗೂ ಹೋಯಿತು, ಜರ್ಮನಿಯ ಮಕ್ಕಳಿಗೂ ಹೋಯಿತು. ಅಪ್ಪಂದಿರು ಒಬ್ಬರಿಗೊಬ್ಬರು ಗುಂಡು ಹಾರಿಸುತ್ತಿದ್ದ ಹೊತ್ತಿನಲ್ಲಿ ಇದು ಯಾವ ಕಡೆಯ ಮಗು ಎಂದು ಕೇಳದೆ ಕೊಟ್ಟರು. ನಮ್ಮೂರಿನಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ. ಈ ಸಲ ಆರಿಸಿದ ಕುಟುಂಬಗಳಲ್ಲಿ ಎಲ್ಲ ಜಾತಿ, ಧರ್ಮದವರೂ ಇದ್ದಾರೆ, ಕ್ರೈಸ್ತರ ಮನೆಗಳಷ್ಟೇ ಅಲ್ಲ.

ಈಗ ಸ್ವಲ್ಪ ಕಷ್ಟದ ಮಾತು. ನೀವು ನೆರವು ಕೊಡುವ ಕುಟುಂಬದ ಮಗು ಇದೇ ಶಾಲೆಯಲ್ಲಿ ಓದುತ್ತಿರಬಹುದು. ನಿಮ್ಮ ಮಗಳ ಬೆಂಚಿನಲ್ಲೇ ಕೂತಿರಬಹುದು. ವಾರ್ಷಿಕೋತ್ಸವದ ವೇದಿಕೆಗೆ ಆ ತಾಯಿಯನ್ನು ಕರೆದು, ಅತಿಥಿಗಳ ಕೈಯಿಂದ ಚೀಲ ಕೊಡಿಸಿ, ಫೋಟೋ ತೆಗೆದು, ವಾಟ್ಸಾಪ್ ಗುಂಪಿಗೆ ಹಾಕಿದರೆ ಮರುದಿನ ಆ ಮಗು ತರಗತಿಗೆ ಬರುವುದು ಹೇಗೆ? ನಾನು ಶಿಕ್ಷಕಿಯಾಗಿದ್ದಾಗ ಅಂಥ ಮರುದಿನಗಳನ್ನು ಕಂಡಿದ್ದೇನೆ. ಮಗು ಬರುತ್ತದೆ, ಕೂರುತ್ತದೆ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಮಾತ್ರ ಬೇರೆ ಕಡೆ ಎದ್ದು ಹೋಗುತ್ತದೆ.

ಕ್ರಿಸ್ಮಸ್ ತಾತನ ಮೂಲಪುರುಷ ಎಂದು ಹೇಳುವ ಸಂತ ನಿಕೊಲಾಸರು ನಾಲ್ಕನೆಯ ಶತಮಾನದ ಬಿಷಪ್, ಈಗಿನ ಟರ್ಕಿಯ ಮೈರಾ ಊರಿನವರು. ಅವರ ಬಗ್ಗೆ ಇರುವ ಐತಿಹ್ಯ ಒಂದು ಕಷ್ಟದ ಕುಟುಂಬದ್ದೇ. ಮೂವರು ಹೆಣ್ಣುಮಕ್ಕಳ ತಂದೆ, ವರದಕ್ಷಿಣೆಗೆ ಗತಿ ಇಲ್ಲ. ನಿಕೊಲಾಸರು ರಾತ್ರಿ ಹೊತ್ತು ಬಂದು ಕಿಟಕಿಯಿಂದ ಚಿನ್ನದ ಗಂಟು ಒಳಗೆ ಹಾಕಿ ಹೋದರಂತೆ. ಯಾಕೆ ರಾತ್ರಿ? ಹಗಲು ಕೊಟ್ಟರೆ ಆ ತಂದೆ ಊರ ಕಣ್ಣಿಗೆ ಬೀಳುತ್ತಿದ್ದ. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂಬ ಸುವಾರ್ತೆಯ ಮಾತನ್ನು ನಾವು ಕೊಡುವವನ ವಿನಯದ ಬಗ್ಗೆ ಎಂದು ಓದುತ್ತೇವೆ. ಪಡೆಯುವವರನ್ನು ಕಾಯುವುದಕ್ಕೂ ಅದೇ ಮಾತು ಬೇಕು.

ಮಕ್ಕಳಿಗೆ ಗುಟ್ಟು ಎಂದರೆ ಎಷ್ಟು ಇಷ್ಟ! ಯಾರ ಮನೆಗೆ ಹೋಗುತ್ತದೆ ಎಂದು ಗೊತ್ತಿಲ್ಲದೆ ಅವರಿಗಾಗಿ ಪೊಟ್ಟಣ ಕಟ್ಟುವುದು ಅವರಿಗೆ ಸಂಭ್ರಮದ ಕೆಲಸ. ಒಂದು ಮಗು ಪೊಟ್ಟಣಕ್ಕೆ ಎಳ್ಳು ಹಾಕುತ್ತಾ, "ಅವರ ಮನೇಲಿ ನನ್ನಷ್ಟು ಪ್ರಾಯದವರು ಇದ್ದಾರಾ?" ಎಂದು ನನ್ನನ್ನು ಕೇಳಿತು. ಇದ್ದಾರೆ ಎಂದೆ. ಕೈಗೆ ಅಂಟಿದ ಕಾಳನ್ನೂ ಕೊಡವಿ ಒಳಗೆ ಹಾಕಿತು. ಹೆಸರು ಗೊತ್ತಿಲ್ಲದಿದ್ದರೂ ಆ ಮಗುವಿನ ಮನಸ್ಸಿನಲ್ಲಿ ಇನ್ನೊಂದು ಮಗು ಬಂದು ಕೂತಿತ್ತು.

ಹಾಗಾದರೆ ಮನೆಗಳಿಗೆ ತಲುಪಿಸುವವರು ಯಾರು? ನಮ್ಮ ಇಗರ್ಜಿಗಳಲ್ಲಿ ಸಂತ ವಿನ್ಸೆಂಟ್ ದಿ ಪೌಲ್ ಸಭೆಯವರು ಇದ್ದಾರೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿ ಫ್ರೆಡೆರಿಕ್ ಓಜನಾಮ್ ತನ್ನ ಸ್ನೇಹಿತರೊಂದಿಗೆ ಶುರು ಮಾಡಿದ ಸಂಘ ಅದು. ಬಡವರನ್ನು ಅವರ ಮನೆಗೇ ಹೋಗಿ ಕಾಣುವುದು ಅವರ ರೂಢಿ. ಕೂತು ಮಾತಾಡುತ್ತಾರೆ, ಸದ್ದಿಲ್ಲದೆ ಬರುತ್ತಾರೆ. ಕ್ರೈಸ್ತರ ಮನೆಗಳಿಗೆ ಅವರೂ, ಉಳಿದ ಮನೆಗಳಿಗೆ ಆಯಾ ಊರಿನ ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರ್‌ಗಳಂಥ ಪರಿಚಿತರೂ ತಲುಪಿಸಿದರೆ ಯಾರ ಮನಸ್ಸೂ ನೋಯುವುದಿಲ್ಲ.

ಮಾತು ಮುಗಿದ ಮೇಲೆ ಒಬ್ಬ ತಂದೆ ಎದ್ದು ಕೇಳಿದರು, "ನಮ್ಮ ಮನೆಯಲ್ಲಿ ಕ್ರಿಸ್ಮಸ್ ಆಚರಣೆ ಇಲ್ಲ ಮೇಡಂ. ನಮ್ಮ ಮಗ ಏನು ತರಬಹುದು?" ನಿಮ್ಮ ಹಿತ್ತಿಲಲ್ಲಿ ತೆಂಗು ಇದೆಯಾ ಎಂದು ಕೇಳಿದೆ. ಇದೆ ಎಂದರು. ಮಗನೇ ಹೆಕ್ಕಿ ತಂದ ಒಂದು ಕಾಯಿ ಸಾಕು, ನೆವ್ರಿ ಮಾಡುವ ಮನೆಗೂ ಬೇಕು, ಪಲ್ಯ ಮಾಡುವ ಮನೆಗೂ ಬೇಕು ಎಂದೆ. ಇನ್ನೊಬ್ಬ ತಾಯಿ, ಹುಂಡಿಯಲ್ಲಿ ಏನೂ ಇಲ್ಲದ ಮಕ್ಕಳು ಏನು ಮಾಡಬೇಕು ಎಂದು ಕೇಳಿದರು. ಅವರು ಶನಿವಾರ ಪೊಟ್ಟಣ ಕಟ್ಟಲು ಬರಲಿ. ಕಟ್ಟುವವರ ಸಾಲಿನಲ್ಲಿ ಯಾರು ಏನು ತಂದರು ಎಂದು ಯಾರೂ ಕೇಳುವುದಿಲ್ಲ, ತಂದವರ ಪಟ್ಟಿಯನ್ನೂ ಇಡುವುದಿಲ್ಲ ಎಂದು ಮುಖ್ಯೋಪಾಧ್ಯಾಯಿನಿಯವರು ಅಲ್ಲೇ ಒಪ್ಪಿಕೊಂಡರು.

ಸಾಮಾನಿನ ಬಗ್ಗೆ ಸಭೆಯಲ್ಲಿ ಹೀಗೆ ನಿಶ್ಚಯವಾಯಿತು: ಮೈದಾ, ಅಕ್ಕಿಹಿಟ್ಟು, ಸಕ್ಕರೆ, ಬೆಲ್ಲ, ಎಳ್ಳು, ತೆಂಗಿನಕಾಯಿ. ಡಿಸೆಂಬರ್ 12ರ ಒಳಗೆ ಬರಬೇಕು, ತಡವಾದರೆ ಮನೆಯವರಿಗೆ ಕರಿದು ಇಡಲು ಹೊತ್ತು ಸಾಲುವುದಿಲ್ಲ. ಎಣ್ಣೆ ಪ್ಯಾಕೆಟ್ಟನ್ನು ಮಕ್ಕಳ ಬ್ಯಾಗಿನಲ್ಲಿ ಕಳಿಸಬೇಡಿ, ಅದನ್ನು ಶಾಲೆಯಿಂದಲೇ ಕೊಳ್ಳುತ್ತಾರೆ.